ಚೌಕ ಬರೆಯುತ್ತಿದ್ದ ಲೆಕ್ಚರರ್

ರಾಣೆಬೆನ್ನೂರಿನಲ್ಲಿ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಲೆಕ್ಚರರ್ ಮಹಾಜ್ಞಾನಿ. ಸ್ವಂತ ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದರು. ಸ್ವಂತ ಅಂಗಿಗೆ ಗುಂಡಿ ಹಚ್ಚಲು ಮಾತ್ರ ಟೈಮಿರಲಿಲ್ಲ. ಏನು ಕೇಳಿದರೂ ಗಾಳಿಯಲ್ಲಿ ಬೆರಳಿಂದ ಚೌಕ ಬರೆದು, "ಎಲ್ಲಾದಕ್ಕೂ ಒಂದು ಜಾಗಾ ಬರದಿಡಬೇಕ್ರಿ, ಆಂಟಿ" ಅನ್ನುವರು.

ಅವರ ಸಿಸ್ಟಂನೊಳಗಿನ ಪೇಜ್ ಟೇಬಲ್ ಎಂದರೂ ಅದೇ, ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿ. ಅದನ್ನು ಚಾಲೂ ಮಾಡಿದೊಡನೆ ಕಂಪ್ಯೂಟರ್ ಸತ್ತು ಮತ್ತೆ ಹುಟ್ಟುತ್ತಿತ್ತು. ಸೋಮವಾರ ಕಾಲೇಜಿನಲ್ಲಿ ನಡೆಸಿ ತೋರಿಸದಿದ್ದರೆ ನೌಕರಿ ಕಾಯಂ ಆಗುತ್ತಿರಲಿಲ್ಲ.

ಶನಿವಾರ ಓಣಿಯವರೆಲ್ಲ ಬ್ಯಾಡಗಿ ಮೆಣಸಿನಕಾಯಿ ಒಣಹಾಕಲು ನಮ್ಮ ಟೆರೇಸಿಗೆ ಬಂದರು. ಲೆಕ್ಚರರ್ ಸೀಮೆಸುಣ್ಣ ಹಿಡಿದು ಮನೆಗೊಂದು ಚೌಕ ಹಂಚಿದರು. How perfect! ಹರವಿ ಮುಗಿದಾಗ ಸುತ್ತಲೂ ಮೆಣಸಿನಕಾಯಿ, ನಟ್ಟನಡುವೆ ಬರಿಗಾಲಿನ ಲೆಕ್ಚರರ್.

"ಸರ್, ನಿಮಗ ಜಾಗಾ ಎಲ್ಲಿ ಬರದೀರಿ?" ಎಂದೆ.

ಅವರು ತಮ್ಮ ಪಾದ ನೋಡಿಕೊಂಡರು. "ಅಯ್ಯೋ ಆಂಟಿ! ಪಟ್ಟಿಯೊಳಗ ಎಲ್ಲಾ ಬರದೇನಿ, ಆ ಪಟ್ಟಿ ಚಾಲೂ ಮಾಡೋ ಕೋಡಿನ ಜಾಗಾನ ಬರದಿಲ್ಲ!" ಎನ್ನುತ್ತ ಮೆಣಸಿನಕಾಯಿ ತುಳಿದುಕೊಂಡೇ ಓಡಿದರು.

"ಸರ್ರ, ಖಾರ ನಾವ ಕುಟ್ಟತೀವ್ರಿ!" ಎಂದು ಪಕ್ಕದ ಮನೆಯಾಕೆ ಕೂಗಿದಳು.

ಸೋಮವಾರ ಕಂಪ್ಯೂಟರ್ ಸಾಯಲಿಲ್ಲ. ನೌಕರಿ ಕಾಯಂ ಆಗಿ, ಮುಂದೆ ಹಾವೇರಿಗೆ ಮನೆ ಬದಲಿಸಿದರು. ಹೋಗುವಾಗ ಎಲ್ಲ ಡಬ್ಬಿಗಳ ಮೇಲೂ ಒಳಗೇನಿದೆ ಎಂದು ನೀಟಾಗಿ ಬರೆದಿದ್ದರು. ನನಗೆ ಹೊಸ ಅಡ್ರೆಸ್ ಬರೆದುಕೊಡುವುದನ್ನು ಮಾತ್ರ ಮರೆತರು.