ನಾನು ಹೋಗದ ತೋಟ

ದೆವ್ವ, ಗಾಳಿ, ಮಾಟ ಎಂದರೆ ನನಗೆ ಮೊದಲಿನಿಂದಲೂ ನಗು. ಯಾರಾದರೂ ಅಂಥ ಕತೆ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಹಾಗಾಗಿ ಇದನ್ನು ಓದುತ್ತಾ ನೀವು ಎದ್ದು ಹೋದರೂ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನು ಕೊರಟಗೆರೆ ತಾಲ್ಲೂಕಿನಲ್ಲಿ ಸರ್ಕಾರದ ತೋಟಗಾರಿಕೆ ಕೆಲಸದಲ್ಲಿದ್ದೆ. ಹೊರದೇಶದಿಂದ ಬಂದ ಬಿಳಿನೊಣ ಆಗ ತೆಂಗಿಗೆ ಬಿದ್ದಿತ್ತು. ಗರಿಗಳ ಅಡಿಯಲ್ಲಿ ಸುಣ್ಣ ಚಿಮುಕಿಸಿದ ಹಾಗೆ ಕೂತು ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೆಳೆದು ತೋಟಕ್ಕೆ ತೋಟವೇ ಕಪ್ಪಾಗುತ್ತದೆ. ಔಷಧಿ ಹೊಡೆದರೆ ನೊಣಕ್ಕಿಂತ ಮೊದಲು ಅದರ ವೈರಿಗಳು ಸಾಯುತ್ತವೆ. ಅದಕ್ಕೇ ಸರ್ಕಾರ ಬೇರೆ ದಾರಿ ಹಿಡಿದಿತ್ತು. ಬಿಳಿನೊಣದ ಮರಿಯೊಳಗೆ ಬೆಳೆದು ಅದನ್ನು ಕೊಲ್ಲುವ ಒಂದು ಸಣ್ಣ ಕಣಜವಿದೆ. ಆ ಕಣಜವಿರುವ ತೆಂಗಿನೆಲೆಯ ತುಂಡುಗಳನ್ನು ಪ್ರಯೋಗಾಲಯದಿಂದ ತಂದು, ಪೀಡೆ ಬಿದ್ದ ಮರಗಳಿಗೆ ಸಿಕ್ಕಿಸುವುದು.

ಉಪಾಯ ಒಳ್ಳೆಯದೇ. ಆದರೆ ಎಲೆ ಬರಬೇಕಲ್ಲ! ಒಮ್ಮೆ ಮಂಜೂರಾತಿ ಇಲ್ಲ. ಮಂಜೂರಾತಿ ಬಂದರೆ ಗಾಡಿ ಇಲ್ಲ. ಗಾಡಿ ಸಿಕ್ಕರೆ ದಾರಿಯ ಬಿಸಿಲಿಗೆ ಕಣಜವೆಲ್ಲ ಸತ್ತು, ಕೈಗೆ ಬರುವುದು ಬರೀ ಒಣಗಿದ ಎಲೆ. ರೈತರ ಮುಂದೆ ನಿಂತು ಬೈಸಿಕೊಳ್ಳುವುದು ಮಾತ್ರ ತಪ್ಪದೆ ನನ್ನ ಪಾಲಿಗೆ.

ತೋವಿನಕೆರೆ ಹತ್ತಿರದ ಸಿದ್ಧಗಂಗಮ್ಮ ಬೈಯುತ್ತಿರಲಿಲ್ಲ. ಅದು ಇನ್ನೂ ಕಷ್ಟ. ಅವರೇ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಗಿಡ್ಡ ತಳಿಯ ಮರಗಳು, ಆಗಷ್ಟೇ ಫಲಕ್ಕೆ ಬಂದಿದ್ದವು. ಕಡಿಸಿ ಮುಸುಕಿನ ಜೋಳ ಹಾಕೋಣವೆಂದು ಮೈದುನನ ಹಟ. ಸೋಮವಾರ ಎಲೆ ತಂದೇ ತರುತ್ತೇನೆ ಎಂದು ಮಾತು ಕೊಟ್ಟಿದ್ದೆ.

"ಸೋಮವಾರಕ್ಕೂ ಆಗ್ಲಿಲ್ಲ ಅಂದ್ರೆ ಮಾರನೇ ದಿನ ಮರ ಕಡಿಯೋರು ಬತ್ತಾರೆ ಸಾರ್. ನನ್ ಮಾತು ಇನ್ ನಡಿಯಾಕಿಲ್ಲ" ಎಂದಿದ್ದರು.

ಸೋಮವಾರ ಎಲೆ ಬರಲಿಲ್ಲ. ಬದಲಿಗೆ ಮಧುಗಿರಿಯಲ್ಲಿ ಸಭೆಗೆ ಕರೆ ಬಂತು. ಬಿಳಿನೊಣ ನಿಯಂತ್ರಣದಲ್ಲಿ ಆಗಿರುವ ಪ್ರಗತಿಯ ಬಗ್ಗೆ! ಬೆಳಗಿನಿಂದ ಸಂಜೆವರೆಗೆ ಪರದೆಯ ಮೇಲೆ ಚಿತ್ರ ತೋರಿಸಿದರು. ಸಿದ್ಧಗಂಗಮ್ಮನ ಫೋನು ಸ್ವಿಚ್ ಆಫ್. ಹಲ್ಲು ಕಚ್ಚಿಕೊಂಡು ಕೂತೆ. ಈ ಹೊತ್ತಿಗೆ ಆ ತೋಟದಲ್ಲಿರಬೇಕಿತ್ತು, ಇಲ್ಲಿ ಏನು ಮಾಡುತ್ತಿದ್ದೇನೆ ಎನ್ನುವುದೊಂದೇ ತಲೆಯಲ್ಲಿ.

ಮಾರನೇ ಬೆಳಿಗ್ಗೆ ಬರಿಗೈಯಲ್ಲೇ ಓಡಿದೆ, ಕೈಮುಗಿದಾದರೂ ಮರ ಉಳಿಸೋಣವೆಂದು. ಕಡಿಯುವವರು ಯಾರೂ ಇರಲಿಲ್ಲ. ಸಿದ್ಧಗಂಗಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು.

"ಇದೇನ್ ಸಾರ್, ಇವತ್ತೂ ಬಂದ್ಬುಟ್ರಿ? ನೆನ್ನೆ ತಾನೆ ಎಲ್ಲಾ ಮರಕ್ಕೂ ಎಲೆ ಕಟ್ಟೋದ್ರಲ್ಲ!"

"ಯಾರಮ್ಮ ಕಟ್ಟಿದ್ದು?"

"ನೀವೇ! ಇದೊಳ್ಳೆ ತಮಾಸೆ. ಏಣಿ ಕೊಡಿ ಅಂದ್ರಿ, ಕೊಟ್ಟೆ. ಉಂಡು ಹೋಗಿ ಅಂದೆ, ಬ್ಯಾಡ ಅಂದ್ರಿ. ಮಖ ಗಂಟಿಕ್ಕಂಡಿದ್ರಿ, ನಾನೂ ಸುಮ್ಕಾದೆ. ನಮ್ ಮೈದ್ನಂಗೆ ಇದೊಂದ್ ಮಳೆಗಾಲ ಕಾಯಪ್ಪ ಅಂದ್ರಿ, ಅವ್ನೂ ಹೂಂ ಅಂದ."

ಮೈದುನನನ್ನು ಕೇಳಿದೆ. ಆತ ನನ್ನ ಮುಖವನ್ನೇ ದಿಟ್ಟಿಸಿ, "ಹುಸಾರಾಗಿದ್ದೀರಾ ಸಾರ್?" ಎಂದ.

ಏಣಿ ಹತ್ತಿ ನೋಡಿದೆ. ಗರಿಗಳಲ್ಲಿ ಹಸಿ ಎಲೆಯ ತುಂಡುಗಳಿದ್ದವು, ಅವುಗಳ ತುಂಬ ಕಣಜ. ನಾವಾದರೆ ಸ್ಟೇಪ್ಲರ್ ಹೊಡೆಯುತ್ತೇವೆ, ಇವನ್ನು ಬಾಳೆನಾರಿನಲ್ಲಿ ಕಟ್ಟಲಾಗಿತ್ತು. ಒಂದು ಗಂಟನ್ನು ಹಿಡಿದು ತಿರುಗಿಸಿ ನೋಡಿದೆ. ನಮ್ಮ ಮನೆಯ ವೀಳ್ಯದೆಲೆ ತೋಟದಲ್ಲಿ ಬಳ್ಳಿ ಕಟ್ಟಲು ನಾನು ಚಿಕ್ಕಂದಿನಲ್ಲಿ ಕಲಿತ ಗಂಟು ಅದು. ನಾನು ಎಡಗೈಯವನಾದ್ದರಿಂದ ನನ್ನದು ಉಲ್ಟಾ ಬೀಳುತ್ತಿತ್ತು, ಮನೆಯವರೆಲ್ಲ ನಗುತ್ತಿದ್ದರು. ಇಲ್ಲಿನ ಗಂಟುಗಳೂ ಉಲ್ಟಾ.

ಪ್ರಯೋಗಾಲಯಕ್ಕೆ ಫೋನು ಮಾಡಿದೆ. ನಮ್ಮ ತಾಲ್ಲೂಕಿಗೆ ಎಲೆ ಇನ್ನೂ ಕಳಿಸಿಯೇ ಇಲ್ಲ ಎಂದರು. ಸಭೆಯಲ್ಲಿ ಪಕ್ಕದಲ್ಲಿ ಕೂತಿದ್ದ ಗೆಳೆಯನನ್ನು ಕೇಳಿದೆ. "ಇಡೀ ದಿನ ನನ್ ಪಕ್ಕದಲ್ಲೇ ಇದ್ದೆಯಲ್ಲೋ, ಕಾಲು ಅಲ್ಲಾಡಿಸಿ ಅಲ್ಲಾಡಿಸಿ ನನ್ ಪ್ರಾಣ ತಿಂದೆ" ಎಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ಧಗಂಗಮ್ಮನ ತೋಟ ಹಸಿರಾಯಿತು. ಅಕ್ಕಪಕ್ಕದ ತೋಟಗಳ ಮೇಲೂ ಸುರಿದದ್ದು ಅದೇ ಮಳೆ. ಅವು ಕಪ್ಪಾಗಿಯೇ ಉಳಿದವು. ಮೇಲಧಿಕಾರಿ ಬಂದು ನೋಡಿ ನನ್ನ ಬೆನ್ನು ತಟ್ಟಿದರು.

"ಸಾರ್, ಅವತ್ತು ನಾನು ಇಲ್ಲಿಗೆ ಬಂದೇ ಇಲ್ಲ. ನಿಮ್ಮ ಸಭೇಲೇ ಇದ್ದೆ" ಎಂದೆ.

"ಇಷ್ಟೊಂದು ವಿನಯ ಒಳ್ಳೇದಲ್ಲ ಕಣ್ರೀ" ಎಂದು ಕಾರು ಹತ್ತಿದರು.

ಆಮೇಲೆ ನನಗೆ ಶಿರಾಕ್ಕೆ ವರ್ಗವಾಯಿತು. ಇಲ್ಲಿಯೂ ಅದೇ ನೊಣ, ಅದೇ ಬಾರದ ಎಲೆ, ಅದೇ ಸಭೆ. ಬಂದಷ್ಟು ಎಲೆಯನ್ನು ನನ್ನ ಕೈಯಾರೆ ಬಾಳೆನಾರಿನಲ್ಲಿ ಕಟ್ಟಿ ನೋಡಿದ್ದೇನೆ. ಒಂದು ತೋಟವೂ ಹಾಗೆ ಚಿಗುರಲಿಲ್ಲ. ಅಂದು ಆ ಏಣಿ ಹತ್ತಿದವನು ಯಾರು, ಅಷ್ಟು ಎಲೆ ಎಲ್ಲಿಂದ ತಂದ ಎಂದು ಯೋಚಿಸಿ ಸೋತಿದ್ದೇನೆ.

ಮೊನ್ನೆ ಇಡೀ ದಿನದ ಸಭೆಯಿಂದ ತಲೆಸಿಡಿದು ಹೊರಬಂದವನು, ನಾಚಿಕೆ ಬಿಟ್ಟು, ನನ್ನ ದಾರಿ ಕಾಯುತ್ತಿದ್ದ ರೈತರೊಬ್ಬರಿಗೆ ಫೋನು ಮಾಡಿದೆ. "ಇವತ್ತೇನಾದರೂ ನಾನು ನಿಮ್ಮ ತೋಟಕ್ಕೆ ಬಂದಿದ್ದೆನೇ?" ಎಂದು ಕೇಳಿದೆ.

"ನೀವೆಲ್ ಬಂದ್ರಿ ಸಾರ್!" ಎಂದು ಅವರು ಫೋನಿಟ್ಟರು.