ರಾಕ್ಷಸನ ನಗು ಇದ್ದ ಪೆನ್‌ಡ್ರೈವ್

ಗುರುಶಾಂತಮ್ಮನಿಗೆ ಅಜೀಜುನ್ನೀಸಾಳ ಮುಖ ಕಾಣುವುದಕ್ಕೆ ಮೊದಲು ಅವಳ ನಗು ಕೇಳಿಸಿತು. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಅದೊಂದು ಮೋಟಾರು ರೀವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್‌ಗಳು ಬಾಗಿಲವರೆಗೂ ಬಿದ್ದುಕೊಂಡಿದ್ದವು. ಒಳಗಿನ ಪರದೆಯ ಆಚೆಯಿಂದ ಮೊದಲು ತಾಮ್ರದ ಕೊಡ ಮೆಟ್ಟಿಲ ಮೇಲೆ ಉರುಳಿದಂಥ ಸದ್ದು, ಆಮೇಲೆ ಯಾರೋ ಉಸಿರಿಗೆ ಒದ್ದಾಡಿದಂತೆ, ಆಮೇಲೆ ಮತ್ತೆ ಕೊಡ.

"ಯಾರೋ ಬಿದ್ರು ಕಣಕ್ಕ," ಎಂದಳು ಜೊತೆಗೆ ಬಂದಿದ್ದ ಪಕ್ಕದ ಮನೆಯ ಬೋರಮ್ಮ.

ಮೋಟಾರಿನ ಹೊಟ್ಟೆಯೊಳಗೆ ಕೈಯಿಟ್ಟು ಕೂತಿದ್ದ ಅಕ್ಬರ್ ಪಾಷಾ ತಲೆ ಎತ್ತಲಿಲ್ಲ. "ಯಾರೂ ಬಿದ್ದಿಲ್ಲಮ್ಮ. ನಮ್ಮನೆಯವ್ರು ಕೆಲ್ಸ ಮಾಡ್ತಾವ್ರೆ. ಒಳಕ್ ಹೋಗಿ."

ಒಳಗೆ ದುಂಡುಮುಖದ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಇನ್ನೊಂದು ಕೈಯಲ್ಲಿ ಬೆಂದು ಉಬ್ಬಿದ ಮೊಬೈಲು.

"ಬನ್ನಿ ಅಮ್ಮಾ, ಕೂತ್ಕಳಿ. ಇದನ್ನ ನೋಡಿ. ಕಂದಿಕೆರೆಯವ್ರು ಯಾರೋ ಹುರುಳಿ ಜೊತೆ ಕುಕ್ಕರಿಗೆ ಹಾಕ್ಬುಟ್ಟವ್ರೆ. ಫೋನ್ ಎಲ್ಲೋಯ್ತು ಅಂತ ಬೇರೆ ಫೋನಿಂದ ರಿಂಗ್ ಕೊಟ್ಟವ್ರೆ. ಕುಕ್ಕರ್ ಹಾಡಕ್ಕೆ ಶುರು ಮಾಡ್ತಂತೆ!" ಅಷ್ಟಕ್ಕೆ ಮತ್ತೆ ಕೊಡ ಉರುಳಿತು.

ಗುರುಶಾಂತಮ್ಮ ನಗಲಿಲ್ಲ. ಅವಳಿಗೆ ಅದು ನಗುವ ಹೊತ್ತಲ್ಲ. ನಗುವುದು ಅಷ್ಟಾಗಿ ಅಭ್ಯಾಸವೂ ಇರಲಿಲ್ಲ. ಸೆರಗಿನ ಗಂಟು ಬಿಚ್ಚಿ ಬೆರಳುದ್ದದ ಪೆನ್‌ಡ್ರೈವ್ ತೆಗೆದಳು. ಕೊಡುವ ಮುಂಚೆ ಕೈ ತನ್ನಷ್ಟಕ್ಕೆ ತಾನೇ ಹೋಗಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು. ಹಾಲ್ಕುರಿಕೆಯ ಮನೆಯ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಗಳನ್ನು ಅವಳು ಮದುವೆಯಾಗಿ ಬಂದಾಗಿನಿಂದ ಹಾಗೆಯೇ ಅಲ್ಲಾಡಿಸಿ ನೋಡುತ್ತಿದ್ದಳು. ಕರಟದಿಂದ ಬಿಟ್ಟ ಕೊಬ್ಬರಿ ಒಳಗೆ ಲೊಟಲೊಟ ಎಂದರೆ ಗಿಟುಕಾಗಿದೆ, ಒಡೆಯಬಹುದು ಎಂದು ಅರ್ಥ. ಪೆನ್‌ಡ್ರೈವಿನ ಒಳಗೂ ಏನೋ ಲೊಟಲೊಟ ಎಂದಿತು.

"ಗಿಟುಕಾಗೈತೆ," ಎಂದಳು.

ಅಜೀಜುನ್ನೀಸಾ ಅವಳನ್ನೇ ನೋಡಿದಳು. ಪೆನ್‌ಡ್ರೈವ್ ಇಸಕೊಂಡು ತಾನೂ ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಹೌದಲ್ಲಮ್ಮಾ!" ಎಂದವಳೇ ಮೇಜಿನ ಮೇಲೆ ತಲೆಯಿಟ್ಟು ಬಿದ್ದಳು. ಭುಜಗಳು ಕುಣಿಯುತ್ತಿದ್ದವು. "ರೀ, ಕೇಳಿಸ್ತೇನ್ರೀ? ಗಿಟುಕಂತೆ!"

"ಹಂಗಾರೆ ಒಡಿ," ಎಂದ ಅಕ್ಬರ್ ಪಾಷಾ ಹೊರಗಿನಿಂದ.

"ನಗಾದು ಆಮ್ಯಾಕೆ ನಗೀವಂತೆ ಕಣಮ್ಮ," ಎಂದಳು ಗುರುಶಾಂತಮ್ಮ. "ಇದು ಹೋದ್ರೆ ನನ್ ರಾಕ್ಷಸ ಹೋದ."

ವಿಷಯ ಹೀಗಿತ್ತು. ಅದು ಎರಡು ಸಾವಿರದ ಎಂಟನೆಯ ಇಸವಿ. ಹಾಲ್ಕುರಿಕೆಯ ಹೆಂಗಸರ ಸಂಘದವರು ಗಂಡಸರಂತೆ ತಾವೂ ಒಂದು ನಾಟಕ ಆಡುವುದೆಂದು ಹೊರಟಿದ್ದರು. ಹಾರ್ಮೋನಿಯಂ ಮೇಷ್ಟ್ರು ವೆಂಕಟಯ್ಯ ಪಾತ್ರ ಹಂಚಲು ಬಂದ ದಿನ ಗುರುಶಾಂತಮ್ಮ ಕೊಬ್ಬರಿ ಚೀಲವೊಂದನ್ನು ಒಬ್ಬಳೇ ಜಗಲಿಯಿಂದ ಒಳಗೆ ಎಳೆದು ಹಾಕುತ್ತಿದ್ದಳು. "ನನ್ ರಾಕ್ಷಸ ಸಿಕ್ಕಿದ!" ಎಂದುಬಿಟ್ಟರು ಮೇಷ್ಟ್ರು. ಊರೆಲ್ಲ ನಕ್ಕಿತು. ಅವಳಿಗೆ ಮಾತ್ರ ಅಂದಿನಿಂದ ಕನಸಿನಲ್ಲೂ ಗದೆ. ಗಂಡ ಬದುಕಿದ್ದಾಗ ನಾಟಕ ಆಡಿ ಬಂದ ಬೆಳಗ್ಗೆ ಅವನ ಮುಖದ ಬಣ್ಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದವಳು ಅವಳು. ಆ ಬಣ್ಣ ತನ್ನ ಮುಖಕ್ಕೂ ಒಮ್ಮೆ ಬೀಳಲಿ ಎಂಬ ಆಸೆಯನ್ನು ಯಾರ ಮುಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ತೊಡಕು ಓದಿನದು. ಗುರುಶಾಂತಮ್ಮ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತುಹೋಗಿರುತ್ತಿತ್ತು. ಬೋರಮ್ಮನಿಗೆ ಅಷ್ಟೂ ಇಲ್ಲ. ಮೇಷ್ಟ್ರು ಹಾಡಿ ಹೇಳಿಕೊಡೋಣವೆಂದರೆ ಅವರ ಗಂಟಲಿಗೆ ಆಪರೇಷನ್ ಗೊತ್ತಾಗಿತ್ತು. ಅದಾದ ಮೇಲೆ ಪಿಸುಮಾತೂ ಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಅದಕ್ಕೇ ಅವರು ಮುಂಚೆಯೇ ಸ್ಟುಡಿಯೋದಲ್ಲಿ ಕೂತು ಒಂದೊಂದು ಹಾಡನ್ನೂ ಒಂದೊಂದು ಮಾತನ್ನೂ, ಕೊನೆಗೆ ರಾಕ್ಷಸನ ಅಟ್ಟಹಾಸವನ್ನೂ ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟಿದ್ದರು. ಸ್ಟುಡಿಯೋದವನು ತನ್ನಲ್ಲಿದ್ದದ್ದನ್ನು ಅಳಿಸಿದ್ದ. ಪೆನ್‌ಡ್ರೈವ್ ಮನೆಯಿಂದ ಮನೆಗೆ ಹೋಗಿ ಟೀವಿಯ ಕೆಳಗಿನ ಡೀವೀಡಿ ಪೆಟ್ಟಿಗೆಗೆ ಚುಚ್ಚಿಸಿಕೊಂಡು ಹಾಡುತ್ತಿತ್ತು. ನಾಟಕ ಶನಿವಾರ. ಅದೇ ವಾರದ ಸೋಮವಾರ ಅದೂ ಮೇಷ್ಟ್ರ ಹಾಗೆಯೇ ಮೂಕಾಯಿತು.

ರಾಜನ ಪಾತ್ರದ ಸರ್ವಮಂಗಳ ಪುಸ್ತಕ ನೋಡಿ ಸರಾಗವಾಗಿ ಓದಬಲ್ಲವಳು. "ಶುಕ್ರವಾರದಗಂಟ ನೋಡಾಣ ಗುರುಶಾಂತಕ್ಕ," ಎಂದಿದ್ದಳು. "ಬಾಯಿಪಾಠ ಆಗ್ಲಿಲ್ಲ ಅಂದ್ರೆ ರಾಕ್ಷಸನ್ನೂ ನಾನೇ ಮಾಡ್ಬುಡ್ತೀನಿ."

"ರಾಜನೂ ನೀನೇ ರಾಕ್ಷಸನೂ ನೀನೇ ಆದ್ರೆ ಹೊಡ್ದಾಡದ್ ಹೆಂಗಮ್ಮಿ?" ಎಂದು ಬೋರಮ್ಮ ಕೇಳಿದ್ದಳು.

"ಅದನ್ನ ನಾನ್ ನೋಡ್ಕತೀನಿ ಬುಡು."

ಇದನ್ನು ಕೇಳಿದ ಅಜೀಜುನ್ನೀಸಾ ಒಂದು ಗಳಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಆಮೇಲೆ ಸಣ್ಣ ಚಾಕುವಿನ ಅಲಗಿನಿಂದ ಪೆನ್‌ಡ್ರೈವಿನ ಬಿರುಕುಬಿಟ್ಟ ಮೈ ಬಿಡಿಸಿದಳು. ಒಳಗಿನಿಂದ ಮೇಜಿನ ಮೇಲೆ ಬಿದ್ದದ್ದು ಒಂದು ಅಡಿಕೆ ಚೂರು.

"ಇದು ಕಂಪನಿಯವ್ರು ಹಾಕಿದ್ದಲ್ಲ," ಎಂದಳು.

ಬೋರಮ್ಮ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

"ಸುಣ್ಣಾನೂ ಐತೆ. ಒಂದು ಎಲೆ ಸಿಕ್ಕಿದ್ರೆ ಮಡಿಚಿ ಹಾಕ್ಕಬೋದಾಗಿತ್ತು."

"ಎಲೆಅಡಿಕೆ ಚೀಲ್ದಾಗಿಟ್ರೆ ಬದ್ರವಾಗಿರ್ತದೆ ಅಂದ್ಕಂಡೆ ಕಣ್ರೀ," ಎಂದಳು ಬೋರಮ್ಮ ಕ್ಯಾಲೆಂಡರಿಗೇ. "ನಮ್ಮನೇಲಿ ಅದೊಂದನ್ನ ಯಾರೂ ಮುಟ್ಟಕಿಲ್ಲ."

ಸುಣ್ಣ ಬೆಸುಗೆಯನ್ನು ತಿಂದುಹಾಕಿತ್ತು. ಹಳೆಯ ಮೌಸಿನ ಬಾಲ ಕತ್ತರಿಸಿ ಅದರ ತಂತಿಗಳನ್ನು ಬೆಸೆಯಬೇಕು, ಆದರೆ ಒಂದು ಕಡೆ ಬೆಸುಗೆ ಹಿಡಿಯುವ ತಾಮ್ರವೇ ಎದ್ದುಹೋಗಿದೆ. ಅಲ್ಲಿ ತಂತಿಯನ್ನು ಸೂಜಿಯಿಂದ ಒತ್ತಿ ಹಿಡಿದು, ಅಲುಗದಂತೆ ಕೂತು, ಒಳಗಿರುವುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಎಂದಳು.

ಬೆಸುಗೆ ಕಡ್ಡಿ ಕಾಯುವವರೆಗೆ ಅವಳ ಬಾಯಿ ಸುಮ್ಮನಿರಲಿಲ್ಲ. ಚಿಕ್ಕನಾಯಕನಹಳ್ಳಿಯ ದರ್ಜಿಯೊಬ್ಬರ ಮಗಳು ಅವಳು. ನಗು ಹುಟ್ಟಿದಾಗಿನಿಂದಲೂ ಬೆನ್ನು ಹತ್ತಿತ್ತಂತೆ. ನಿಕಾಹ್ ದಿನ ಒಪ್ಪಿಗೆ ಕೇಳಲು ಬಂದ ಹಿರಿಯರ ಗಡ್ಡದಲ್ಲಿ ಒಂದು ಮಲ್ಲಿಗೆ ಮೊಗ್ಗು ಸಿಕ್ಕಿಕೊಂಡಿತ್ತು. ಅವರು ತಲೆ ಆಡಿಸಿದಾಗೆಲ್ಲ ಅದೂ ಆಡುತ್ತಿತ್ತು.

"ಕಬೂಲ್ ಅನ್ನಾಣ ಅಂತ ಬಾಯ್ ತೆಗದ್ರೆ ನಗು ಬತ್ತೈತೆ ಅಮ್ಮಾ! ಸೆರಗು ಮುಚ್ಕಂಡು ಬಗ್ಗೇ ಬುಟ್ಟೆ. ಇವ್ರು ಆಚೆ ಕೂತ್ಕಂಡು, ಹುಡುಗಿ ಅಳ್ತಾವ್ಳೆ, ಇಷ್ಟ ಇಲ್ಲ ಅಂತ ಎದ್ದು ಹೊರಟಿದ್ರಂತೆ."

"ಹೊರಟಿದ್ದೆ. ಚಪ್ಪಲಿ ಸಿಗ್ಲಿಲ್ಲ," ಎಂದ ಅಕ್ಬರ್ ಪಾಷಾ ಹೊರಗಿನಿಂದ.

ಬಂದ ಮನೆಯಲ್ಲಿ ಅತ್ತೆ ಅವಳಿಗೆ ಸೆರಗು ಬಾಯಿಗೆ ತುರುಕಿಕೊಂಡು ನಗುವುದನ್ನು ಕಲಿಸಿದರು. ಗಂಡ ಮೋಟಾರಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿಸಿದ. ತಂತಿ ಸುತ್ತುವವರು ಸುತ್ತು ಎಣಿಸುತ್ತಿರಬೇಕು. ಎಣಿಸುವ ಬಾಯಿಗೆ ನಗಲು ಪುರುಸೊತ್ತಿಲ್ಲ. ಹಾಗಾಗಿ ಎಷ್ಟೋ ವರ್ಷ ಬೀದಿ ಶಾಂತವಾಗಿತ್ತು. ಆಮೇಲೆ ಮೊಬೈಲುಗಳು ಬಂದವು, ಮುಚ್ಚಿಹೋದ ಕಂಪ್ಯೂಟರ್ ಸೆಂಟರೊಂದರಿಂದ ಹಳೆಯ ಕಂಪ್ಯೂಟರೂ ಬಂತು. ಅವುಗಳಲ್ಲಿ ಎಣಿಸುವಂಥದ್ದು ಏನೂ ಇರಲಿಲ್ಲ.

ತಂತಿ ಬೆಸೆದು, ಸೂಜಿ ಒತ್ತಿದ ಕೂಡಲೇ ಕಂಪ್ಯೂಟರು ಟಣ್ ಎಂದಿತು. ಪರದೆಯ ಮೇಲೆ ಹಾಡುಗಳೆಲ್ಲ ಸಾಲಾಗಿ ಬಂದು ನಿಂತವು. "ಐತೆ ಅಮ್ಮಾ, ರಾಕ್ಷಸ ಒಳಗೇ ಅವ್ನೆ! ಇನ್ನು ಯಾರೂ ಮಾತಾಡ್ಬೇಡಿ. ನಗಿಸ್ಬೇಡಿ. ಕೈ ಅಲುಗಿದ್ರೆ ಹೋಯ್ತು."

ಮೂವರೂ ಉಸಿರು ಹಿಡಿದು ಕೂತರು. ಪರದೆಯಲ್ಲಿ ಹಸಿರು ಪಟ್ಟಿಯೊಂದು ಹುಳುವಿನಂತೆ ತೆವಳತೊಡಗಿತು. ಆ ನಿಶ್ಶಬ್ದದಲ್ಲಿ, ಕಟುಂ.

ಅಜೀಜುನ್ನೀಸಾ ಕಣ್ಣು ಮಾತ್ರ ಹೊರಳಿಸಿದಳು. ಬೋರಮ್ಮನ ದವಡೆ ಮೆಲ್ಲಗೆ ಆಡುತ್ತಿತ್ತು. ಮೇಜಿನ ಮೇಲಿದ್ದ ಅಡಿಕೆ ಚೂರು ಇರಲಿಲ್ಲ.

"ವ್ಯರ್ಥ ಆಗ್ತದಲ್ಲ ಅಂತ," ಎಂದಳು ಬೋರಮ್ಮ.

ಕೊಡ ಉರುಳಿತು, ಸೂಜಿ ಜಾರಿತು, ಕಂಪ್ಯೂಟರು ಟೊಣ್ ಎಂದು ಮುನಿಸಿಕೊಂಡಿತು.

ಮತ್ತೆ ಒತ್ತಿದಳು. ಈ ಸಲ ಯಾರೂ ಏನೂ ಮಾಡಲಿಲ್ಲ. ಆದರೆ ಯಾರೂ ಏನೂ ಮಾಡುತ್ತಿಲ್ಲವೆಂಬುದೇ ಅವಳಿಗೆ ನಗು ತರಿಸಿತು. ಮತ್ತೊಂದು ಸಲ ಹೊರಗೆ ಅಕ್ಬರ್ ಪಾಷಾ ಸೀನಿದ. ಕೊನೆಗೆ ಅವಳು ಕಣ್ಣೀರು ಸುರಿಸುತ್ತ ಸೂಜಿಯನ್ನು ಗುರುಶಾಂತಮ್ಮನ ಕೈಗೆ ಕೊಟ್ಟಳು. "ನನ್ ಕೈಲಿ ಆಗಾಕಿಲ್ಲ ಅಮ್ಮಾ. ನೀವು ನಗಲ್ವಲ್ಲ, ನೀವ್ ಹಿಡ್ಕಳಿ. ಇವ್ರನ್ನ ನಾನು ಆಚೆ ಕರ್ಕಂಡೋಯ್ತೀನಿ."

ಗುರುಶಾಂತಮ್ಮ ಹಿಡಿದಳು. ಗಾಳಿಗೆ ದೀಪ ಮರೆಮಾಡಿದವಳಂತೆ, ಗಟ್ಟಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ. ಹಸಿರು ಪಟ್ಟಿ ತುಂಬಿತು. ಒಂದು ಹಾಡು ಬಂತು. ಇನ್ನೊಂದು ಬಂತು. ಮಾಡಲು ಬೇರೆ ಕೆಲಸವಿಲ್ಲದೆ ಅವಳ ಕಿವಿ ಬೀದಿಯ ನಗುವಿನ ಹತ್ತಿರ ಹೋಗಿ ಕೂತಿತು. ಕಾಯಿ ಅಲ್ಲಾಡಿಸಿ ಕೇಳುವ ಹಾಗೆ ಕೇಳಿದಳು: ನಗು ಗಂಟಲಲ್ಲಿ ಹುಟ್ಟುತ್ತಿರಲಿಲ್ಲ, ಹೊಕ್ಕುಳ ಕೆಳಗೆಲ್ಲೋ ಹುಟ್ಟುತ್ತಿತ್ತು, ಮೇಲಕ್ಕೆ ಬಂದು ಒಂದು ಕಡೆ ಸಿಕ್ಕಿಕೊಂಡು ಸದ್ದಡಗುತ್ತಿತ್ತು, ಸತ್ತಿತು ಎನ್ನುವಾಗ ಉರುಳುತ್ತಿತ್ತು.

ಬಾಗಿಲ ಪರದೆಯ ಸಂದಿನಲ್ಲಿ ಬೀದಿ ಕಾಣುತ್ತಿತ್ತು. ಬೋರಮ್ಮ ಅಲ್ಲಿ ನಡುಬೀದಿಯಲ್ಲಿ ನಿಂತು, ಸರ್ವಮಂಗಳ ರಾಜನೂ ರಾಕ್ಷಸನೂ ತಾನೇ ಆಗಿ ಹೇಗೆ ಹೊಡೆದಾಡುತ್ತಾಳೆಂದು ಆಡಿ ತೋರಿಸುತ್ತಿದ್ದಳು. ಬಲಗೈಯಿಂದ ತನ್ನ ಜುಟ್ಟು ತಾನೇ ಹಿಡಿದು, ಎಡಗೈಯಿಂದ ಬಿಡಿಸಿಕೊಂಡು, "ಬಾರಲಾ!" ಎಂದು ತನಗೆ ತಾನೇ ತೊಡೆ ತಟ್ಟಿದಳು. ಅಜೀಜುನ್ನೀಸಾ ಸುಟ್ಟ ಮೋಟಾರೊಂದರ ಮೇಲೆ ಕುಸಿದಳು. ಅಷ್ಟರಲ್ಲಿ ಅಕ್ಬರ್ ಪಾಷಾ ತಲೆ ಎತ್ತಿದ, ಸ್ಪ್ಯಾನರ್ ಕೆಳಗಿಟ್ಟ, ಮತ್ತು ಕೀಲಿಗೆ ಎಣ್ಣೆಯಿಲ್ಲದ ಬಾಗಿಲಿನಂತೆ ಕಿರ್ ಎಂದು ನಕ್ಕ.

ಗುರುಶಾಂತಮ್ಮ ತುಟಿ ಕಚ್ಚಿದಳು. ಉಳಿದದ್ದು ಕೊನೆಯದೊಂದು. ನಗು ತಡೆಯಲು, ಹಿಂದೆ ಸತ್ತುಹೋದ ತನ್ನ ಎಮ್ಮೆಯನ್ನು ನೆನೆಸಿಕೊಂಡಳು. ಎಮ್ಮೆಯೂ ತೊಡೆ ತಟ್ಟಿದಂತೆ ಕಂಡಿತು. ಹೊಕ್ಕುಳ ಕೆಳಗೆ ಏನೋ ಅಲ್ಲಾಡಿತು, ಮೇಲೆ ಬಂತು, ಸಿಕ್ಕಿಕೊಂಡಿತು, ಆಮೇಲೆ ಅಂಗಡಿಯ ತಗಡು ನಡುಗುವಂತೆ ಉರುಳಿತು.

ಸೂಜಿ ಜಾರಿ ಪಕ್ಕದ ತಾಮ್ರದ ಗೆರೆಗೆ ತಾಗಿತು. ಸುಟ್ಟ ವಾಸನೆ ಬಂತು.

ಓಡಿಬಂದ ಅಜೀಜುನ್ನೀಸಾ ಎಷ್ಟು ಸಲ ಒತ್ತಿದರೂ ಕಂಪ್ಯೂಟರು ಮತ್ತೆ ಟಣ್ ಎನ್ನಲಿಲ್ಲ. ಬಂದವುಗಳನ್ನು ಒಂದೊಂದಾಗಿ ಹಾಡಿಸಿ ನೋಡಿದಳು. "ಎಲ್ಲಾ ಬಂದವೆ. ಕೊನೇದೊಂದ್ ಮಾತ್ರ ಹೋಯ್ತು. ಯಾವುದಮ್ಮಾ ಅದು?"

"ರಾಕ್ಷಸನ ನಗು," ಎಂದಳು ಗುರುಶಾಂತಮ್ಮ ಮೆಲ್ಲಗೆ.

"ಅಯ್ಯೋ, ನಗದೆ ಬಂದ್ರೆ ಅವ್ನೆಂಥಾ ರಾಕ್ಷಸ? ಕರೆಂಟ್ ಮೀಟರ್ ನೋಡಕ್ ಬಂದವ್ನು ಅಂದ್ಕತಾರೆ!" ಎಂದಳು ಬೋರಮ್ಮ.

ಅಜೀಜುನ್ನೀಸಾ ಇಬ್ಬರನ್ನೂ ನೋಡಿದಳು. "ಈಗ ಒಳಗೆ ನಕ್ಕಿದ್ ಯಾರು? ನಾನಂತೂ ಆಚೆ ಇದ್ದೆ." ಉತ್ತರಕ್ಕೆ ಕಾಯದೆ ಎಲ್ಲವನ್ನೂ ಸೀಡಿಗೆ ಹಾಕಿಕೊಟ್ಟಳು.

ಶುಕ್ರವಾರ ಸರ್ವಮಂಗಳ ಪುಸ್ತಕ ಹಿಡಿದು ಸಾಲುಸಾಲಿಗೂ ಬೆರಳಿಟ್ಟು ಕೇಳಿದಳು. ಗುರುಶಾಂತಮ್ಮನ ಮಾತು ಒಂದೂ ತಪ್ಪಲಿಲ್ಲ. "ಆಯ್ತು ಬುಡಕ್ಕ, ನೀನೇ ರಾಕ್ಷಸ. ಆದ್ರೆ ನಗು?" ಗುರುಶಾಂತಮ್ಮ ನಕ್ಕಳು. ಗಂಟಲಲ್ಲಿ ಕಫ ಕಟ್ಟಿದಂತಿತ್ತು. ಮಾತಾಡಲಾರದ ವೆಂಕಟಯ್ಯ ಮೇಷ್ಟ್ರು ಎರಡು ಕೈಯಿಂದ ತಲೆ ಹಿಡಿದುಕೊಂಡರು.

ಶನಿವಾರ ಸಂಜೆ ಶಾಲೆಯ ಬಯಲು ತುಂಬಿತ್ತು. ಮುಖದ ಮೇಲೆ ಕೆಂಪು ಬಣ್ಣ, ಹೆಗಲ ಮೇಲೆ ರಟ್ಟಿನ ಗದೆ. ಪರದೆ ಸರಿಯಿತು, ಗುರುಶಾಂತಮ್ಮ ಮುಂದೆ ಬಂದು ಕಾಲು ಅಪ್ಪಳಿಸಿದಳು. ಇನ್ನು ನಗಬೇಕು. ಬಾಯಿ ತೆರೆದಳು, ನಗು ಬರಲಿಲ್ಲ. ಬಯಲು ಕಾಯಿತು. ಸರ್ವಮಂಗಳ ಕಿರೀಟದ ಕೆಳಗಿಂದ ಕಣ್ಣು ಬಿಟ್ಟಳು.

ಮುಂದಿನ ಚಾಪೆಯಲ್ಲಿ ಗಂಡನ ಪಕ್ಕ ಕೂತಿದ್ದ ಅಜೀಜುನ್ನೀಸಾ ಸದ್ದಿಲ್ಲದೆ ಮುಷ್ಟಿ ಕಟ್ಟಿದಳು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕೇಳಿಸಿತೆಂಬಂತೆ ಹುಬ್ಬು ಏರಿಸಿದಳು.

ಕೊಡ ಉರುಳಿತು. ಮೆಟ್ಟಿಲು ಮೆಟ್ಟಿಲಾಗಿ ಉರುಳಿತು, ನಡುವೆ ಸಿಕ್ಕಿ ಸದ್ದಡಗಿ ಮತ್ತೆ ಉರುಳಿತು. ಹಾರ್ಮೋನಿಯಂ ಕಾಯಬೇಕಾಯಿತು. ರಾಜ ನಕ್ಕ ರಭಸಕ್ಕೆ ಕಿರೀಟ ಬಿತ್ತು. ಬಯಲಿಗೆ ಬಯಲೇ ಹೊಟ್ಟೆ ಹಿಡಿದುಕೊಂಡಿತು. ನಗುವಂತಿಲ್ಲದ ಮೇಷ್ಟ್ರು ಎರಡೂ ಕೈಯಿಂದ ತಮ್ಮ ಬಾಯಿ ಅದುಮಿಕೊಂಡು ಕೂತರು.

ಮುಂದಿನ ವರ್ಷ ಅಕ್ಬರ್ ಪಾಷಾ ಅಂಗಡಿಯನ್ನು ತುರುವೇಕೆರೆಗೆ ಬದಲಾಯಿಸಿದ. ಅವರು ಹೊರಟ ದಿನ ಗುರುಶಾಂತಮ್ಮ ಗಿಟುಕು ಕೊಬ್ಬರಿಯ ಕೈಚೀಲ ಹಿಡಿದು ತಿಪಟೂರು ಬಸ್‌ಸ್ಟ್ಯಾಂಡಿಗೆ ಹೋದಳು. ಅಜೀಜುನ್ನೀಸಾ ಚೀಲವನ್ನು ಕಿಟಕಿಯಿಂದ ಇಸಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿ, ಸುತ್ತಲಿನ ಜನಕ್ಕೆಲ್ಲ ಕೇಳುವಂತೆ ನಕ್ಕಳು. ಬಸ್ಸು ಕದಲಿತು. ಅವಳು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೂಗಿದಳು:

"ಅಮ್ಮಾ, ನನ್ ನಗು ತಗಂಡೋದ್ರಲ್ಲ, ಯಾವಾಗ್ ವಾಪಸ್ ಕೊಡ್ತೀರಾ?"