ಪಿನ್ನು ಹೊಡೆದ ತ್ರಿಕೋನಮಿತಿ

ನಿನ್ನೆ ಅಣ್ಣನ ಮಗಳು ಟ್ರಂಕಿನ್ಯಾಗಿಂದ ನನ್ನ ಹತ್ತನೇತ್ತೆ ಗಣಿತ ಪುಸ್ತಕ ತಗದ್ಲು. ಹುಳ ಹತ್ತಬಾರದಂತ ಇಟ್ಟ ಡಾಂಬರ ಗುಳಿಗಿ ವಾಸನಿ ಬಡೀತು. ತ್ರಿಕೋನಮಿತಿ ಪಾಠದ ಹಾಳಿಗೆ ಹೊಡೆದ ಸ್ಟೇಪ್ಲರ್ ಪಿನ್ನು ಜಂಗ ಹಿಡದು ಕೆಂಪಾಗಿ ಹಂಗ ಇದ್ವು.

ಸುರೇಬಾನದ ಕಡೆ ನಮ್ಮ ಹೈಸ್ಕೂಲು. ಗಣಿತದ ಖೋಲಿ ಗ್ವಾಡಿ ಮ್ಯಾಲ ‘ಪ್ರತಿ ಮಗುವಿಗೂ ಪೂರ್ಣ ಗಣಿತ, ಇದೇ ನಮ್ಮ ಗುರಿ’ ಅಂತ ನೀಲಿ ಬಣ್ಣದಾಗ ಬರದಿತ್ತು. ಬರದವರು ನಮ್ಮ ಗಣಿತದ ಸರ್. ಅಂಗಿ ಕಿಸೆ ತುಂಬ ಚಾಕಪೀಸಿನ ಧೂಳು, ಬಾಯಿ ತುಂಬ ‘ತಂಗಿ’ ಅಂತ ಕರೀತಿದ್ರು. ನಾನೂ ಅವರಂಗ ಗಣಿತ ಕಲಸಾಕಿ ಆಗಬೇಕಂತಿದ್ದೆ.

ಜ್ವರದಾಗ ಬರದ ಒಂದ ಪರೀಕ್ಷಿಗೆ ಮಾರ್ಕ್ಸ್ ಕಡಿಮಿ ಬಿದ್ವು. ಸರ್ ನನ್ನ ಹಿಂದಿನ ಬೆಂಚಿಗೆ ಕೂಡಿಸಿದ್ರು. ನನ್ನ ಪುಸ್ತಕದಾಗ ಪಾಸಾಗಾಕ ಸಾಕಾಗೂವಷ್ಟ ಪಾಠ ಬಿಟ್ಟು, ಉಳಿದವಕ್ಕೆಲ್ಲ ಹಾಳಿ ಕೂಡಿಸಿ ಪಿನ್ನು ಹೊಡದ್ರು.

“ಇವನ್ನ ಬಿಚ್ಚಬ್ಯಾಡ ತಂಗಿ, ತಲಿ ಕೆಡತೈತಿ. ನಿನ್ನ ಒಳ್ಳೇದಕ್ಕ ಹೇಳತೇನಿ.”

ನಮ್ಮ ಹೈಸ್ಕೂಲಿನ ರಿಜಲ್ಟ್ ನೂರಕ್ಕ ನೂರು ಬಂತು. ಸರ್‌ಗೆ ಶಾಲು ಹೊದಿಸಿದಾಗ ಎಲ್ಲಾರಕಿಂತ ಜೋರ ಚಪ್ಪಾಳಿ ಹೊಡದಾಕಿ ನಾನು. ರಾಮದುರ್ಗದಾಗ ಪಿಯುಸಿ ಸೈನ್ಸಿಗೆ ಸೇರಿದ ವಾರದಾಗ ಗೊತ್ತಾತು, ಬೋರ್ಡಿನ ಮ್ಯಾಲಿಂದು ಒಂದಕ್ಷರಾನೂ ನನಗ ತಿಳಿಯೂದಿಲ್ಲಂತ. ಸರ್‌ಗೆ ನಾ ಪಾಸಾಗೂದು ಬೇಕಾಗಿತ್ತು, ಕಲಿಯೂದಲ್ಲ. ಅಳಕೋತ ಆರ್ಟ್ಸಿಗೆ ಹೋದೆ.

ನಿನ್ನೆ ಅಣ್ಣನ ಮಗಳು ಉಗರಿಲೆ ಆ ಪಿನ್ನು ಕಿತ್ತು, ಪಾಠ ಓದಿ, ಮೊದಲನೇ ಲೆಕ್ಕ ಅಲ್ಲೇ ಕುಂತು ಬಿಡಿಸಿದ್ಲು.

“ಭಾಳ ಹಗುರ ಐತಲ್ಲ ಅತ್ತಿ. ನೀ ಯಾಕ ಒಮ್ಮೇನೂ ಬಿಚ್ಚಿ ನೋಡಲಿಲ್ಲ?”

“ಸರ್ ಬ್ಯಾಡಂದಿದ್ರವ್ವ” ಅಂದೆ.